ಕಾರ್ಡ್ ಕೊಳ್ಳುವ ಮೊದಲು ಯಾವುದು ಯಾವುದಕ್ಕೆ ಕಾಯುತ್ತಿದೆ ನೋಡಿ

ಪ್ರಶ್ನೆ: ನನ್ನದು 2018ರಲ್ಲಿ ಕೊಂಡ ಪಿಸಿ. ರೈಜೆನ್ 3 1200 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಮಾನಿಟರ್ 1080ಪಿ, 60 ಹರ್ಟ್ಸ್. ಆಟ ಶುರುವಾದ ಮೊದಲ ಕೆಲವು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಜರ್ಕ್ ಶುರು. ಊರಿನೊಳಗೆ ಕಾರು ಜೋರಾಗಿ ಓಡಿಸಿದರೆ ಚಿತ್ರ ನಿಂತು ನಿಂತು ಹೋಗುತ್ತದೆ. ಶೂಟಿಂಗ್ ಆಟದಲ್ಲಿ ಹತ್ತಾರು ಜನ ಒಟ್ಟಿಗೆ ನುಗ್ಗಿದರೆ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್ ಅಥವಾ ಚಿತ್ರಗಳ ಸಂಖ್ಯೆ) ಪಾತಾಳಕ್ಕೆ. ಗ್ರಾಫಿಕ್ಸ್ ಎಲ್ಲಾ ಲೋ ಮಾಡಿದರೂ ಅಷ್ಟೇ. ಒಬ್ಬ ಗೆಳೆಯ ದೊಡ್ಡ ಕಾರ್ಡ್ ಹಾಕು ಅನ್ನುತ್ತಾನೆ. ಇನ್ನೊಬ್ಬ ಎಲ್ಲಾ ಮಾರಿ ಹೊಸದು ತಗೋ ಅನ್ನುತ್ತಾನೆ. ಹೊಸ ಪಿಸಿಯ ಬೆಲೆಯಲ್ಲಿ ಮೂರನೇ ಒಂದು ಭಾಗ ಮಾತ್ರ ನನ್ನ ಕೈಯಲ್ಲಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇಬ್ಬರು ಗೆಳೆಯರ ಮಾತನ್ನೂ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಯೊಳಗೇ ಮುಕ್ಕಾಲು ಉತ್ತರ ಇದೆ. "ಗ್ರಾಫಿಕ್ಸ್ ಎಲ್ಲಾ ಲೋ ಮಾಡಿದರೂ ಅಷ್ಟೇ" ಅಂದಿದ್ದೀರಲ್ಲ, ಆ ಸಾಲು ಓದಿದ ಕೂಡಲೇ ನನ್ನ ಅನುಮಾನ ಕಾರ್ಡ್ ಬಿಟ್ಟು ಬೇರೆ ಕಡೆ ಹೋಯಿತು. ಕಾರ್ಡ್‌ನ ಕೆಲಸ ಕಡಿಮೆ ಮಾಡಿದರೂ ಆಟ ಚುರುಕಾಗಲಿಲ್ಲ ಅಂದರೆ ಸುಸ್ತಾಗಿರುವುದು ಕಾರ್ಡ್ ಅಲ್ಲ. ಈಗ ಹೋಗಿ ದೊಡ್ಡ ಕಾರ್ಡ್ ತಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ತಮ್ಮನ ಪಿಸಿ ಹೀಗೇ ಜರ್ಕ್ ಹೊಡೆಯುತ್ತಿತ್ತು. ತಿಂಗಳುಗಟ್ಟಲೆ ಕೂಡಿಟ್ಟ ಹಣ ಅವನದು. ಕಾರ್ಡ್ ಹಳೆಯದಾಗಿದೆ, ಅದೇ ಇರಬೇಕು ಅಂತ ನಾನೇ ಹೇಳಿ ಹೊಸ ಕಾರ್ಡ್ ತರಿಸಿದೆ. ಮೆನುವಿನಲ್ಲಿ ನೂರಾರು ಎಫ್‌ಪಿಎಸ್ ಬಂತು. ಆಟದೊಳಗೆ ಹೋದರೆ ಅದೇ ಜಾಗದಲ್ಲಿ ಅದೇ ಜರ್ಕ್. ಅವನು ಏನೂ ಅನ್ನಲಿಲ್ಲ. ಕೇಸ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ನಾಲ್ಕು ರ‍್ಯಾಮ್ ಸ್ಲಾಟ್‌ಗಳಲ್ಲಿ ಒಂದರಲ್ಲಿ ಮಾತ್ರ ಸ್ಟಿಕ್ ಇತ್ತು. ಇನ್ನೊಂದು ಸ್ಟಿಕ್ ಹಾಕಿದ ದಿನ ಜರ್ಕ್ ಬಹುಪಾಲು ಹೋಯಿತು. ಅಂದಿನಿಂದ, ಅಳೆದು ನೋಡದೆ ಯಾರಿಗೂ ಏನನ್ನೂ ಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಅಳೆಯುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಲಿ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದೊಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಇಬ್ಬರು ಕೆಲಸ ಮುಗಿಸಬೇಕು. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು, ಕಾರು ಎಷ್ಟು ವಾಲಿತು ಎಂಬ ಲೆಕ್ಕ ಪ್ರೊಸೆಸರ್‌ನದು. ಆ ಲೆಕ್ಕ ನೋಡಿಕೊಂಡು ಪರದೆಯ ಮೇಲೆ ಬಣ್ಣ ತುಂಬುವುದು ಕಾರ್ಡ್. ಒಬ್ಬ ಗೆರೆ ಎಳೆದು ಕೊಡುವವನು, ಇನ್ನೊಬ್ಬ ಬಣ್ಣ ಹಚ್ಚುವವನು ಅಂದುಕೊಳ್ಳಿ. ಗೆರೆ ಎಳೆಯುವವನು ನಿಧಾನವಾದರೆ ಬಣ್ಣದವನು ಎಷ್ಟೇ ಚುರುಕಾಗಿದ್ದರೂ ಕೈ ಕಟ್ಟಿಕೊಂಡು ಕೂರುತ್ತಾನೆ. ಇಬ್ಬರಿಗೂ ಬೇಕಾದ ಸಾಮಾನು ರ‍್ಯಾಮ್‌ನಲ್ಲಿರಬೇಕು. ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಡಿಸ್ಕ್‌ನಿಂದ ಬರಬೇಕು. ಹೀಗೆ ಒಂದು ಇನ್ನೊಂದಕ್ಕೆ ಕಾಯುತ್ತಲೇ ಇರುತ್ತದೆ. ಕಡಿಮೆ ಹಣದಲ್ಲಿ ಅಪ್‌ಗ್ರೇಡ್ ಮಾಡುವವರಿಗೆ ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು: ಯಾವುದು ಯಾವುದಕ್ಕೆ ಕಾಯುತ್ತಿದೆ?

ಅದನ್ನು ಕಂಡುಹಿಡಿಯಲು ಖರ್ಚಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ಜೊತೆಗೆ ಬರುವ ರಿವಾ ಟ್ಯೂನರ್ ಕೂಡ ಇರಲಿ. ಉಚಿತ, ಮತ್ತು ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತದೆ. ಪರದೆಯ ಮೂಲೆಯಲ್ಲಿ ಇವಿಷ್ಟು ಕಾಣುವ ಹಾಗೆ ಮಾಡಿ: ಕಾರ್ಡ್ ಎಷ್ಟು ಶೇಕಡಾ ಕೆಲಸ ಮಾಡುತ್ತಿದೆ, ಅದರ ಮೆಮೊರಿ ಎಷ್ಟು ತುಂಬಿದೆ, ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು (ಒಳಗೆ ಲೆಕ್ಕ ಮಾಡುವ ಘಟಕಗಳು) ಬೇರೆ ಬೇರೆಯಾಗಿ ಎಷ್ಟೆಷ್ಟು, ರ‍್ಯಾಮ್ ಎಷ್ಟು, ಕಾರ್ಡ್ ಮತ್ತು ಪ್ರೊಸೆಸರ್ ಎರಡರ ಬಿಸಿ ಎಷ್ಟು, ಫ್ರೇಮ್ ಟೈಮ್‌ನ (ಒಂದೊಂದು ಫ್ರೇಮ್‌ಗೆ ಹಿಡಿದ ಸಮಯದ) ಗೆರೆ. ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವುದು) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತದೆ. 60ಕ್ಕೆ ಕಟ್ಟಿಹಾಕಿದ ಆಟದಲ್ಲಿ ಕಾರ್ಡ್ ಆರಾಮಾಗಿ 70 ಶೇಕಡಾ ತೋರಿಸುತ್ತದೆ, ನೀವು ಪ್ರೊಸೆಸರ್ ಮೇಲೆ ತಪ್ಪು ಹೊರಿಸುತ್ತೀರಿ.

ಈಗ ಜರ್ಕ್ ಬರುವ ಜಾಗಕ್ಕೇ ಹೋಗಿ ಹತ್ತು ನಿಮಿಷ ಆಡಿ. ಕಾರ್ಡ್ ಸದಾ 95ರಿಂದ 99 ಶೇಕಡಾ ಇದ್ದರೆ ಅದು ತನ್ನ ಶಕ್ತಿಯೆಲ್ಲ ಹಾಕಿ ದುಡಿಯುತ್ತಿದೆ, ಕೊರತೆ ಕಾರ್ಡ್‌ನದೇ. ಕಾರ್ಡ್ 50, 60ಕ್ಕೆ ಇಳಿದು ಕೋರ್‌ಗಳು ನೂರಕ್ಕೆ ಅಂಟಿಕೊಂಡಿದ್ದರೆ ಕೊರತೆ ಪ್ರೊಸೆಸರ್‌ನದು. ಒಟ್ಟು ಸಿಪಿಯು ಬಳಕೆ ಎಂಬ ಒಂದೇ ಅಂಕಿ ನೋಡಿ ಮೋಸಹೋಗಬೇಡಿ. ನಾಲ್ಕರಲ್ಲಿ ಒಂದು ಕೋರ್ ಉಸಿರು ಬಿಡದೆ ದುಡಿದು ಉಳಿದ ಮೂರು ಸುಮ್ನೆ ಕೂತಿದ್ದರೂ ಆ ಅಂಕಿ 25 ಶೇಕಡಾ ಅಂತಲೇ ತೋರಿಸುತ್ತದೆ.

ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ ಇಳಿಸಿ ನೋಡಿ. 1080ಪಿ ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 720ಪಿ ಅಂದರೆ 9.2 ಲಕ್ಷ. ಬಣ್ಣ ಹಚ್ಚುವವನ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು, ಗೆರೆ ಎಳೆಯುವವನ ಕೆಲಸ ಹಾಗೇ ಇದೆ. ಎಫ್‌ಪಿಎಸ್ ಏರಿದರೆ ಕಾರ್ಡ್ ದುರ್ಬಲ. ಅಲ್ಲೇ ನಿಂತಿದ್ದರೆ ಕಾರ್ಡ್ ನಿರಪರಾಧಿ. ನೀವು ಎಲ್ಲವನ್ನೂ ಲೋ ಮಾಡಿ ನೋಡಿದ್ದು ಗೊತ್ತಿಲ್ಲದೆ ಮಾಡಿದ ಇದೇ ಪರೀಕ್ಷೆ.

ನಿಮ್ಮ ಮೂರು ದೂರುಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳೋಣ. ನನ್ನ ಪ್ರಕಾರ ಒಂದೊಂದಕ್ಕೂ ಕಾರಣ ಬೇರೆ.

ಮೊದಲ ಕೆಲವು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುವುದು ರ‍್ಯಾಮ್ ತುಂಬಿದ ಲಕ್ಷಣ. ವಿಂಡೋಸ್, ಹಿಂದೆ ತೆರೆದಿಟ್ಟ ಬ್ರೌಸರ್, ಚಾಟ್ ಆ್ಯಪ್ ಸೇರಿ ಆಟಕ್ಕಿಂತ ಮೊದಲೇ 3ರಿಂದ 4 ಜಿಬಿ ನುಂಗಿರುತ್ತವೆ. ಉಳಿದದ್ದು ಆಟಕ್ಕೆ ಸಾಲದು. ಜಾಗ ಮುಗಿದಾಗ ವಿಂಡೋಸ್ ಕೆಲವನ್ನು ತೆಗೆದು ಡಿಸ್ಕ್‌ನ ಪೇಜ್ ಫೈಲ್‌ನಲ್ಲಿ ಇಡುತ್ತದೆ. ಬೇಕಾದಾಗ ವಾಪಸ್ ತರುತ್ತದೆ. ನಿಮ್ಮಲ್ಲಿರುವುದು ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗಬೇಕು, ಮುಳ್ಳಿನಂಥ ಹೆಡ್ ಸರಿಯಾದ ಜಾಗಕ್ಕೆ ಸರಿಯಬೇಕು. ಚದುರಿದ ಒಂದು ತುಣುಕು ಹುಡುಕಲು ಹತ್ತು ಮಿಲಿಸೆಕೆಂಡ್‌ಗೂ ಜಾಸ್ತಿ ಹಿಡಿಯುತ್ತದೆ. ಒಂದು ಫ್ರೇಮ್‌ಗೆ ನಮ್ಮ ಹತ್ತಿರ ಇದ್ದದ್ದೇ 16.7 ಮಿಲಿಸೆಕೆಂಡ್ ಅಲ್ವಾ? ಎರಡು ಸಲ ಹುಡುಕಿದರೆ ಫ್ರೇಮ್ ತಪ್ಪಿತು. ಇಪ್ಪತ್ತು ಸಲ ಹುಡುಕಿದರೆ ಕಣ್ಣಿಗೆ ಕಾಣುವ ಹಾಗೆ ಚಿತ್ರ ನಿಂತಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಹುಡುಕಾಟ ಅಲ್ಲಿ ಒಂದು ಮಿಲಿಸೆಕೆಂಡ್‌ನ ಹತ್ತನೇ ಒಂದು ಭಾಗದ ಆಸುಪಾಸು.

ಊರಿನೊಳಗೆ ಜೋರಾಗಿ ಕಾರು ಓಡಿಸಿದಾಗ ನಿಲ್ಲುವುದಕ್ಕೂ ಡಿಸ್ಕ್ ದೊಡ್ಡ ಕಾರಣ. ದೊಡ್ಡ ನಕ್ಷೆಯ ಆಟಗಳು ಇಡೀ ಊರನ್ನು ಒಮ್ಮೆಗೇ ರ‍್ಯಾಮ್‌ಗೆ ತರುವುದಿಲ್ಲ. ನೀವು ಹೋದ ಹಾಗೆ ಮುಂದಿನ ಬೀದಿಯನ್ನು ಓದಿಕೊಳ್ಳುತ್ತವೆ. ನಡೆದು ಹೋದರೆ ಹಾರ್ಡ್ ಡಿಸ್ಕ್ ಹೇಗೋ ನಿಭಾಯಿಸುತ್ತದೆ. ಕಾರಿನಲ್ಲಿ ಹೋದರೆ ಬೀದಿ ಬರುವ ಮೊದಲೇ ನೀವು ಬಂದಿರುತ್ತೀರಿ. ಇದಕ್ಕೇ ಸೈಬರ್‌ಪಂಕ್ 2077 ಆಟದ ಕನಿಷ್ಠ ಬೇಡಿಕೆಯ ಪಟ್ಟಿಯಲ್ಲಿ 2023ರಿಂದ ಎಸ್‌ಎಸ್‌ಡಿ ಸೇರಿತು. ಸ್ಟಾರ್‌ಫೀಲ್ಡ್ ಬಂದಿದ್ದೇ ಎಸ್‌ಎಸ್‌ಡಿ ಕಡ್ಡಾಯ ಅಂತ.

ಜನ ಒಟ್ಟಿಗೆ ನುಗ್ಗಿದಾಗ ಬೀಳುವುದು ಪ್ರೊಸೆಸರ್‌ನ ಸುಸ್ತು. ರೈಜೆನ್ 3 1200 ಬಂದದ್ದು 2017ರಲ್ಲಿ. ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ಸಾಗಿಸಬಲ್ಲ ಕೆಲಸದ ಸಾಲು). ಆ ಕಾಲಕ್ಕೆ ಒಳ್ಳೆಯ ಪ್ರೊಸೆಸರ್. ಇಂದಿನ ಆಟಗಳನ್ನು ಬರೆಯುವವರು ಎಂಟು ಕೋರ್ ಇರುವ ಕನ್ಸೋಲ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ, ಅದರ ಭಾರ ಇದರ ಮೇಲೆ ಬೀಳುತ್ತದೆ.

ಸರಿ, ಈಗ ಕೆಲಸಕ್ಕೆ ಇಳಿಯೋಣ. ಖರ್ಚಿಲ್ಲದ್ದು ಮೊದಲು. ಪಿಸಿ ಏಳು ವರ್ಷಕ್ಕೂ ಹಳೆಯದು. ಕೂಲರ್‌ನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಸಿನಂತೆ ಕೂತಿರುತ್ತದೆ. ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ಬ್ರಷ್‌ನಿಂದ ಬಿಡಿಸಿ. ಪ್ರೊಸೆಸರ್ 90 ಡಿಗ್ರಿ ಮೀರುತ್ತಿದ್ದರೆ, ಕಾರ್ಡ್ 83 ಡಿಗ್ರಿಯ ಸುತ್ತ ಓಡಾಡುತ್ತಿದ್ದರೆ, ಎರಡೂ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿವೆ ಅಂತ ಅರ್ಥ. ಒಣಗಿದ ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿದರೆ ಕಳೆದುಹೋದ ವೇಗ ಹಾಗೇ ವಾಪಸ್ ಬರುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಲೋ ಮಾಡುವ ಬದಲು ಪ್ರೊಸೆಸರ್‌ಗೆ ಭಾರವಾದವನ್ನು ಹುಡುಕಿ ಇಳಿಸಿ. ರಸ್ತೆಯಲ್ಲಿ ಓಡಾಡುವ ಜನ ಮತ್ತು ವಾಹನಗಳ ಸಂಖ್ಯೆ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಎಂಬುದು, ಇವು ಪ್ರೊಸೆಸರ್‌ಗೆ ಸೇರಿದವು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಪ್ರೊಸೆಸರ್‌ಗೆ ಹೊರೆಯೇ ಅಲ್ಲ. ಅದಕ್ಕೆ ಬೇಕಾದ್ದು ಕಾರ್ಡ್‌ನ ಮೆಮೊರಿ. ನಿಮ್ಮ 4 ಜಿಬಿ ಮೀರದಷ್ಟು ಮಾತ್ರ ಇಡಿ. ಮೀರಿದರೆ ಕಾರ್ಡ್ ತನ್ನ ಸಾಮಾನನ್ನು ಮುಖ್ಯ ರ‍್ಯಾಮ್‌ನಲ್ಲಿಟ್ಟು ಓಡಾಡಬೇಕಾಗುತ್ತದೆ, ಮತ್ತೆ ಜರ್ಕ್.

ಆಮೇಲೆ ಮೊದಲ ಖರ್ಚು ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಎರಡನ್ನೂ ಒಟ್ಟಿಗೇ ಮಾಡಿ.

ರ‍್ಯಾಮ್ ವಿಷಯದಲ್ಲಿ 8ರಿಂದ 16 ಜಿಬಿ ಆಗುವುದು ಅರ್ಧ ಲಾಭ. ಒಂದು ಸ್ಟಿಕ್ ಎರಡಾಗುವುದು ಇನ್ನರ್ಧ. 2400 ವೇಗದ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಸಾಗಿಸುತ್ತದೆ. ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ ಕೂತರೆ 38.4. ಒಂದೇ ಬಾಗಿಲಿದ್ದ ಕಡೆ ಎರಡು ಬಾಗಿಲು ತೆರೆದ ಹಾಗೆ. ರೈಜೆನ್‌ನಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಸೇರುತ್ತದೆ. ಕೋರ್‌ಗಳ ಗುಂಪುಗಳನ್ನು ಬೆಸೆಯುವ ಒಳದಾರಿಯ ವೇಗ ರ‍್ಯಾಮ್‌ನ ವೇಗದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ನಿಧಾನದ ರ‍್ಯಾಮ್ ಹಾಕಿದರೆ ಪ್ರೊಸೆಸರ್ ಕೂಡ ಸೊರಗುತ್ತದೆ.

ಹಣ ಹೊಂದಿದರೆ 3200 ವೇಗದ 8 ಜಿಬಿಯ ಜೋಡಿ ಕಿಟ್ ತಗೊಂಡು ಹಳೆಯದನ್ನು ಮಾರಿಬಿಡಿ. ಹೊಂದದಿದ್ದರೆ ಈಗಿನ ಸ್ಟಿಕ್ ಮೇಲಿನ ಚೀಟಿಯ ಪಾರ್ಟ್ ನಂಬರ್ ಬರೆದುಕೊಂಡು ಅದೇ ಹುಡುಕಿ. ಬೇರೆ ಬೇರೆ ಸ್ಟಿಕ್ ಸೇರಿಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವು ಸಲ ಹೊಂದಿಕೊಳ್ಳುವುದೇ ಇಲ್ಲ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಿ. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಸ್ಟಿಕ್‌ನ ಎರಡೂ ತುದಿ ಒತ್ತಿ, ಕ್ಲಿಪ್ "ಟಕ್" ಅನ್ನಬೇಕು. ನಂತರ ಬಯಾಸ್‌ಗೆ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್‌ಗೆ, ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಅಂತ ಹೆಸರು. ಇದನ್ನು ಆನ್ ಮಾಡದಿದ್ದರೆ 3200ರ ಕಿಟ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಎಷ್ಟೋ ಜನರ ಮನೆಯಲ್ಲಿ ವರ್ಷಗಟ್ಟಲೆ ಹಾಗೇ ಓಡುತ್ತಿರುತ್ತದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಎಚ್ಚರಿಕೆ: ಮೊದಲ ತಲೆಮಾರಿನ ರೈಜೆನ್ 3200 ವೇಗಕ್ಕೆ ಒಗ್ಗದಿರಬಹುದು. ಪಿಸಿ ಆನ್ ಆಗದೆ ತಕರಾರು ಮಾಡಿದರೆ 2933 ಅಥವಾ 2666ಕ್ಕೆ ಇಳಿಸಿ. ಪ್ರೊಸೆಸರ್ ಬದಲಾದ ಮೇಲೆ ಮತ್ತೆ ಏರಿಸಿದರಾಯಿತು.

ಎಸ್‌ಎಸ್‌ಡಿಯಲ್ಲಿ ಜಾಸ್ತಿ ಯೋಚನೆ ಬೇಡ. ವೈರ್‌ನಿಂದ ಜೋಡಿಸುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಸುತ್ತ ಓದುತ್ತದೆ, ಬೋರ್ಡ್‌ನ ಎಂ.2 ಸ್ಲಾಟ್‌ನಲ್ಲೇ ಕೂರುವ ಎನ್‌ವಿಎಂಇ ಅದರ ಆರು ಪಟ್ಟು. ಆದರೆ ಆಟ ತೆರೆದುಕೊಳ್ಳುವ ಹೊತ್ತಿಗೆ ಬಂದರೆ ಎರಡರ ನಡುವಿನ ವ್ಯತ್ಯಾಸ ಕೆಲವೇ ಸೆಕೆಂಡ್. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬರುವುದೇ ದೊಡ್ಡ ಹಾರಿಕೆ. ಬೋರ್ಡ್‌ನಲ್ಲಿ ಎಂ.2 ಸ್ಲಾಟ್ ಇದ್ದರೆ ಸಾಧಾರಣ ಎನ್‌ವಿಎಂಇ ತಗೊಳ್ಳಿ, ಇಲ್ಲದಿದ್ದರೆ ಸಾಟಾ. ವಿಂಡೋಸ್ ಮತ್ತು ಈಗ ಆಡುತ್ತಿರುವ ಎರಡು ಮೂರು ಆಟ ಅದರಲ್ಲಿರಲಿ. ಉಳಿದದ್ದಕ್ಕೆ ಹಳೆಯ ಹಾರ್ಡ್ ಡಿಸ್ಕ್ ಇದ್ದೇ ಇದೆ.

ಇಲ್ಲಿ ಎರಡು ವಾರ ನಿಲ್ಲಿ. ಆಡಿ. ಮೂಲೆಯ ಅಂಕಿಗಳನ್ನು ಮತ್ತೆ ನೋಡಿ. ಒಂದು ಭಾಗ ಬದಲಾದ ಮೇಲೆ ಕಾಯುವವರ ಸಾಲೇ ಬದಲಾಗಿರುತ್ತದೆ. ಈ ಎರಡಕ್ಕೇ ನಿಮಗೆ ಸಮಾಧಾನವಾದರೆ ಉಳಿದ ಹಣ ನಿಮ್ಮದೇ.

ಮುಂದಿನದು ಪ್ರೊಸೆಸರ್. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ, ನಿಮ್ಮ ಬೋರ್ಡ್‌ನದು ಎಎಂ4 ಸಾಕೆಟ್. ಅದೇ ಸಾಕೆಟ್‌ಗೆ 2022ರಲ್ಲಿ ಬಂದ ರೈಜೆನ್ 5 5600 ಕೂರುತ್ತದೆ. ಮೊದಮೊದಲು ನಿಮ್ಮ ಬಿ350 ಸೇರಿದ 300 ಸರಣಿಯ ಬೋರ್ಡ್‌ಗಳಿಗೆ ರೈಜೆನ್ 5000 ಸರಣಿ ಇಲ್ಲ ಅಂತಿದ್ದ ರೈಜೆನ್ ತಯಾರಕ ಎಎಂಡಿ, 2022ರಲ್ಲಿ ಬಾಗಿಲು ತೆರೆಯಿತು. ನಾಲ್ಕು ಥ್ರೆಡ್ ಇದ್ದದ್ದು ಹನ್ನೆರಡಾಗುತ್ತದೆ. 8 ಎಂಬಿ ಇದ್ದ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 32 ಎಂಬಿ ಆಗುತ್ತದೆ. ಗರಿಷ್ಠ ವೇಗ 3.4ರಿಂದ 4.4 ಗಿಗಾಹರ್ಟ್ಸ್‌ಗೆ ಏರುತ್ತದೆ. ಎರಡೂ 65 ವ್ಯಾಟ್‌ನ ಪ್ರೊಸೆಸರ್‌ಗಳೇ, ಹಾಗಾಗಿ ಬೋರ್ಡ್‌ಗೆ ಹೊಸ ಹೊರೆ ಇಲ್ಲ. ಕಡಿಮೆ ಬೆಲೆಯ 5500 ಕೂಡ ಇದೆ. ಅದರಲ್ಲಿ ಕ್ಯಾಶ್ ಅರ್ಧ, ಆಟಗಳಲ್ಲಿ ಆ ಕೊರತೆ ಕಾಣುತ್ತದೆ. ಬೆಲೆಯ ಅಂತರ ಸಣ್ಣದಾಗಿದ್ದರೆ 5600ನ್ನೇ ತಗೊಳ್ಳಿ.

ಇನ್ನೊಂದು ಲಾಭವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೊದಲ ತಲೆಮಾರಿನ ರೈಜೆನ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. 5600 ಇದೆ.

ಆದರೆ ಪ್ರೊಸೆಸರ್ ಕೊಳ್ಳುವ ಮೊದಲು ಬೋರ್ಡ್ ತಯಾರಕರ ಪುಟಕ್ಕೆ ಹೋಗಿ. ನಿಮ್ಮ ಬೋರ್ಡ್‌ನ ಪೂರ್ತಿ ಹೆಸರು ಕೊಟ್ಟು ಸಿಪಿಯು ಬೆಂಬಲದ ಪಟ್ಟಿ ತೆಗೆಯಿರಿ. ಪಟ್ಟಿಯಲ್ಲಿ 5600 ಇದೆಯಾ, ಯಾವ ಬಯಾಸ್ ಆವೃತ್ತಿಯಿಂದ ಇದೆ ಅಂತ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ. ಇದ್ದರೆ, ಬಯಾಸ್ ಅಪ್‌ಡೇಟ್ ಆಗಬೇಕಾದ್ದು ಹಳೆಯ ಪ್ರೊಸೆಸರ್ ಕೂತಿರುವಾಗಲೇ. ಮೊದಲು ಪ್ರೊಸೆಸರ್ ಬದಲಿಸಿ ಆಮೇಲೆ ಬಯಾಸ್ ಮಾಡೋಣ ಅಂದರೆ ಪರದೆ ಕಪ್ಪಗೇ ಇರುತ್ತದೆ. ಕೆಲವು ಬೋರ್ಡ್‌ಗಳು ನೇರವಾಗಿ ಕೊನೆಯ ಆವೃತ್ತಿಗೆ ಹಾರಲು ಬಿಡುವುದಿಲ್ಲ, ಮಧ್ಯದಲ್ಲಿ ಒಂದು ಮೆಟ್ಟಿಲು ಹತ್ತಿಸುತ್ತವೆ. ಡೌನ್‌ಲೋಡ್ ಪುಟದ ಟಿಪ್ಪಣಿ ಓದದೆ ಮುಂದುವರಿಯಬೇಡಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ, ಇಲ್ಲದಿದ್ದರೆ ಕರೆಂಟ್ ಗಟ್ಟಿಯಾಗಿರುವ ಹೊತ್ತು ನೋಡಿ ಮಾಡಿ.

ಪ್ರೊಸೆಸರ್ ಬಿಚ್ಚುವ ಕ್ಷಣದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಎಎಂ4ನಲ್ಲಿ ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಇಲ್ಲೇ. ಇದರಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಯ ಕೆಳಗೆ. ಹಳೆಯ ಪೇಸ್ಟ್ ಗಟ್ಟಿಯಾಗಿ ಅಂಟಿನಂತೆ ಆಗಿರುತ್ತದೆ. ಕೂಲರ್‌ನ ಸ್ಕ್ರೂ ಬಿಚ್ಚಿ ನೇರವಾಗಿ ಮೇಲೆ ಎಳೆದರೆ, ಲಾಕ್ ಹಾಕಿದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ. ಪಿನ್ ಬಾಗುತ್ತದೆ. ಹಾಗಾಗಬಾರದು ಅಂದರೆ ಮೊದಲು ಹತ್ತು ಹದಿನೈದು ನಿಮಿಷ ಆಟ ಓಡಿಸಿ, ಪೇಸ್ಟ್ ಬಿಸಿಯಾಗಲಿ. ಪಿಸಿ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂಲರನ್ನು ಎತ್ತಬೇಡಿ. ಎಡಕ್ಕೆ, ಬಲಕ್ಕೆ ಮೆಲ್ಲಗೆ ತಿರುಚಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಗ ಎತ್ತಿ. ಪೆಟ್ಟಿಗೆಯಲ್ಲಿ ಬರುವ ಸಣ್ಣ ಕೂಲರ್‌ನ ನಾಲ್ಕು ಸ್ಕ್ರೂಗಳೇ ಬೋರ್ಡ್ ಹಿಂದಿನ ಲೋಹದ ಪಟ್ಟಿಯನ್ನೂ ಹಿಡಿದಿರುತ್ತವೆ. ಸ್ಕ್ರೂ ಪೂರ್ತಿ ಬಿಟ್ಟ ಕೂಡಲೇ ಆ ಪಟ್ಟಿ ಹಿಂದೆ ಬೀಳುತ್ತದೆ. ಕೇಸನ್ನು ಮಲಗಿಸಿ, ಹಿಂದಿನಿಂದ ಒಂದು ಕೈ ಕೊಟ್ಟಿರಿ. ಹೊಸ ಪ್ರೊಸೆಸರ್ ಕೂರಿಸುವಾಗ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಸೇರಬೇಕು. ತನ್ನ ಭಾರಕ್ಕೇ ಅದು ಒಳಗಿಳಿಯಬೇಕು. ಒತ್ತಬೇಕು ಅನ್ನಿಸಿದರೆ ಏನೋ ತಪ್ಪಿದೆ, ತೆಗೆದು ನೋಡಿ.

ಇಷ್ಟಾದ ಮೇಲೆ ಕಾರ್ಡ್ 99 ಶೇಕಡಾ ತೋರಿಸಲು ಶುರುಮಾಡುತ್ತದೆ. ಅಂದರೆ ಈಗ ಗೆರೆ ಎಳೆಯುವವನು ಚುರುಕಾದ, ಬಣ್ಣದವನ ಸರದಿ ಬಂತು. 1050 ಟಿಐ 2016ರ ಕಾರ್ಡ್. ಅದರ ತಲೆಮಾರಿಗೆ ಹೊಸ ಆಟಗಳಿಗೆಂದು ಬರುತ್ತಿದ್ದ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು, ಇನ್ನು ಭದ್ರತೆಯ ಅಪ್‌ಡೇಟ್ ಮಾತ್ರ. ಕೆಲವು ಹೊಸ ಆಟಗಳು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಇರುವ ಕಾರ್ಡನ್ನೇ ಕಡ್ಡಾಯ ಮಾಡಿವೆ. ಡೂಮ್: ದಿ ಡಾರ್ಕ್ ಏಜಸ್ ಅಂಥದ್ದು. ಹಾಗಾಗಿ ಕಾರ್ಡ್ ಇವತ್ತಲ್ಲ ನಾಳೆ ಬದಲಾಗಲೇಬೇಕು. ನಾನು ಹೇಳುವುದು ಅದು ಮೊದಲ ಖರ್ಚು ಆಗಬಾರದು ಅಂತ ಮಾತ್ರ. ಈಗಿನ ಆಟಗಳಲ್ಲಿ ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಷನ್‌ನಲ್ಲಿ ಬರೆದು ದೊಡ್ಡದು ಮಾಡಿ ತೋರಿಸುವ ತಂತ್ರ) ಇದ್ದರೆ ಅದನ್ನು ಆನ್ ಮಾಡಿಕೊಂಡು ಸ್ವಲ್ಪ ಕಾಲ ದೂಡಬಹುದು, ಹಳೆಯ ಕಾರ್ಡ್‌ನಲ್ಲೂ ಅದು ನಡೆಯುತ್ತದೆ.

ನಿಮ್ಮ ಮಾನಿಟರ್‌ಗೆ, ನಿಮ್ಮ ಬಜೆಟ್‌ಗೆ ಆರ್‌ಎಕ್ಸ್ 6600 ಸರಿಹೊಂದುತ್ತದೆ. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್. 1080ಪಿಗೆ ಇದು ಸಾಕಷ್ಟಾಯಿತು. ಹೆಸರು ನೋಡಿ ಮೋಸಹೋಗುವ ಕಾರ್ಡ್‌ಗಳಿಂದ ದೂರ ಇರಿ. ಆರ್‌ಎಕ್ಸ್ 6500 ಎಕ್ಸ್‌ಟಿ ಹೆಸರಿನಲ್ಲಿ 6600ಕ್ಕೆ ಹತ್ತಿರ, ಕೆಲಸದಲ್ಲಿ ತುಂಬಾ ದೂರ. ಅದಕ್ಕೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವಿನ ದಾರಿ), 4 ಜಿಬಿ ಮೆಮೊರಿ. ನಿಮ್ಮಂಥ ಪಿಸಿಐಇ 3.0 ಬೋರ್ಡ್‌ನಲ್ಲಿ ಅದರ ಉಸಿರು ಇನ್ನೂ ಕಟ್ಟುತ್ತದೆ. ಆರ್‌ಟಿಎಕ್ಸ್ 3050ರಲ್ಲಿ 6 ಜಿಬಿಯದು ಮತ್ತು 8 ಜಿಬಿಯದು ಬೇರೆ ಬೇರೆ ಕಾರ್ಡ್‌ಗಳೇ ಅಂತ ತಿಳಿಯಿರಿ. 6 ಜಿಬಿಯದು ನಿಧಾನ. ಆದರೆ 70 ವ್ಯಾಟ್‌ಗೆ, ಪವರ್ ವೈರ್ ಇಲ್ಲದೆ ಓಡುತ್ತದೆ, ದುರ್ಬಲ ಎಸ್‌ಎಂಪಿಎಸ್ ಇರುವ ಆಫೀಸ್ ಪಿಸಿಗೆ ಅದು ವರ. ಆರ್‌ಎಕ್ಸ್ 580 ಹೆಸರಿನ ಪಕ್ಕ 2048ಎಸ್‌ಪಿ ಅಂತಿದ್ದರೆ ಒಳಗಿರುವುದು 570ರಷ್ಟೇ ಶಕ್ತಿ. ಇಂಟೆಲ್‌ನ ಆರ್ಕ್ ಬಿ580 ಒಳ್ಳೆಯ ಕಾರ್ಡ್, 12 ಜಿಬಿ ಇದೆ, ಆದರೆ ಹಳೆಯ ಪ್ರೊಸೆಸರ್ ಜೊತೆ ಸೊರಗುತ್ತದೆ. ಬೋರ್ಡ್‌ನಲ್ಲಿ ರಿಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ಮುಟ್ಟುವ ಸೌಲಭ್ಯ) ಇಲ್ಲದಿದ್ದರಂತೂ ಬೇಡವೇ ಬೇಡ.

ಕಾರ್ಡ್ ಬರುವ ಮೊದಲು ಎಸ್‌ಎಂಪಿಎಸ್‌ನ ಪಕ್ಕದ ಚೀಟಿ ಓದಿ. ದೊಡ್ಡ ಅಕ್ಷರದ 450 ವ್ಯಾಟ್ ಬಿಟ್ಟುಬಿಡಿ. 12 ವೋಲ್ಟ್ ಎಂಬ ಕಾಲಂನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯುವುದು ಅಲ್ಲಿಂದಲೇ. 36 ಆಂಪಿಯರ್ ಇದ್ದರೆ 432 ವ್ಯಾಟ್, ನಿಜವಾದ 450. ಅಲ್ಲಿ 18 ಅಂತ ಇದ್ದರೆ ನಿಮಗೆ ಸಿಗುವುದು 216 ವ್ಯಾಟ್. ಹೆಸರಿಗೆ ಮಾತ್ರ 450. ಅಂಥದ್ದಕ್ಕೆ ಹೊಸ ಕಾರ್ಡ್ ಸಿಕ್ಕಿಸಬೇಡಿ. ಎರಡು ಮೋಲೆಕ್ಸ್ (ಹಳೆಯ ನಾಲ್ಕು ಪಿನ್ ಕನೆಕ್ಟರ್) ಸೇರಿಸಿ 8 ಪಿನ್ ಮಾಡುವ ಅಡಾಪ್ಟರ್ ಹಾಕಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಆ 8 ಪಿನ್‌ನಲ್ಲಿ 150 ವ್ಯಾಟ್‌ವರೆಗೆ ಹರಿಯಬಹುದು, ವೈರ್ ಬಿಸಿಯಾಗಿ ಕರಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಎಸ್‌ಎಂಪಿಎಸ್ ಫ್ರೇಮ್ ಏರಿಸುವುದಿಲ್ಲ ನಿಜ. ಆದರೆ ಕೆಟ್ಟದ್ದು ಸಾಯುವಾಗ ಜೊತೆಯಲ್ಲಿದ್ದವರನ್ನೂ ಕರೆದುಕೊಂಡು ಹೋಗುತ್ತದೆ.

ಹೊಸದಾ, ಸೆಕೆಂಡ್ ಹ್ಯಾಂಡಾ? ಮುಂದೊಂದು ದಿನ ನೀವು ಎಎಂ4ರ ನಂತರದ ಸಾಕೆಟ್ ಎಎಂ5ಗೆ ಹೋದಾಗ ಪ್ರೊಸೆಸರ್, ಬೋರ್ಡ್, ಡಿಡಿಆರ್4 ರ‍್ಯಾಮ್ ಮೂರೂ ಇಲ್ಲೇ ಉಳಿಯುತ್ತವೆ. ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡ್ ನಿಮ್ಮ ಜೊತೆ ಬರುತ್ತವೆ. ಜೊತೆಗೆ ಬರುವುದಕ್ಕೆ ಧಾರಾಳವಾಗಿ ಖರ್ಚು ಮಾಡಿ, ಉಳಿಯುವುದಕ್ಕೆ ಕೈ ಬಿಗಿ ಹಿಡಿಯಿರಿ. ರ‍್ಯಾಮ್, ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುಗಳಲ್ಲ. ಸೆಕೆಂಡ್ ಹ್ಯಾಂಡ್ ಧೈರ್ಯವಾಗಿ ತಗೊಳ್ಳಬಹುದು, ಪ್ರೊಸೆಸರ್ ಆದರೆ ಬೆಳಕಿಗೆ ಹಿಡಿದು ಪಿನ್‌ಗಳ ಸಾಲು ನೇರವಾಗಿದೆಯಾ ನೋಡಿ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಹೊಸದೇ ಇರಲಿ. ಕಾರ್ಡ್ ಸೆಕೆಂಡ್ ಹ್ಯಾಂಡ್ ಆದರೆ ಓಡುತ್ತಿರುವ ಪಿಸಿಯಲ್ಲೇ ನೋಡಬೇಕು. ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದು ಹೆಸರು, ಮೆಮೊರಿ ತಾಳೆ ನೋಡಿ. ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ ಬಂದರೆ, ಫ್ಯಾನ್ ಕರಕರ ಅಂದರೆ ಎದ್ದು ಬನ್ನಿ. ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಬೆಲೆ ಕೇಳಲೂ ಹೋಗಬೇಡಿ.

ಈ ನಾಲ್ಕೂ ನಿಮ್ಮ ಹಣದಲ್ಲಿ ಒಂದೇ ಸಲ ಆಗುವುದಿಲ್ಲ, ಆಗಬೇಕಾಗೂ ಇಲ್ಲ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಈಗ. ಪ್ರೊಸೆಸರ್ ಬಹುಶಃ ಇದೇ ಹಣದಲ್ಲಿ, ಸೆಕೆಂಡ್ ಹ್ಯಾಂಡ್ ಸಿಕ್ಕರೆ. ಕಾರ್ಡ್‌ಗೆ ಮುಂದಿನ ಉಳಿತಾಯ. ಬಣ್ಣದ ಲೈಟು, ಗಾಜಿನ ಕೇಸ್, ನೀರಿನ ಕೂಲರ್ ಇವಕ್ಕೆ ಈಗ ಒಂದು ಬಿಡಿಗಾಸೂ ಬೇಡ.

ಹಳೆಯ 1200ನ್ನು ಮಾತ್ರ ತಕ್ಷಣ ಮಾರಬೇಡಿ. ಹೊಸದು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪಿನ್‌ಗಳಿಗೆ ಏನೂ ತಾಗದ ಹಾಗೆ ಇಡಿ. ಬಯಾಸ್‌ನಲ್ಲಿ ಏನಾದರೂ ತಕರಾರು ಬಂದು ಹೊಸ ಪ್ರೊಸೆಸರ್ ಎದ್ದೇಳದಿದ್ದರೆ, ಬೋರ್ಡನ್ನು ಮತ್ತೆ ಎಬ್ಬಿಸಲು ಬೇಕಾಗುವುದು ಅದೇ. ಎರಡು ತಿಂಗಳು ಎಲ್ಲಾ ಸರಾಗವಾಗಿ ನಡೆದ ಮೇಲೆ ಮಾರಿ, ಬಂದದ್ದನ್ನು ಕಾರ್ಡ್‌ನ ಹಣಕ್ಕೆ ಸೇರಿಸಿ.